ಅಕ್ಷರಕ್ಕೆ ತಡವರಿಸುವ ಮಕ್ಕಳು: ಎಲ್ಲ ಮೇಷ್ಟ್ರಿಗೂ ತರಬೇತಿ ಕಡ್ಡಾಯ ಮಾಡಬೇಕಾ?

ಮಾತಿನಲ್ಲಿ ಚುರುಕು, ಆಟದಲ್ಲಿ ಮುಂದು, ಆದರೆ ಪುಸ್ತಕ ತೆರೆದರೆ ಬೆವರುವ ಮಗು. ಡಿಸ್ಲೆಕ್ಸಿಯಾ ಇರುವ ಇಂಥ ಮಕ್ಕಳನ್ನು ಗುರುತಿಸಿ ಕಲಿಸುವ ತರಬೇತಿಯನ್ನು ಹಾಸನ ಜಿಲ್ಲೆಯ ಎಲ್ಲ ಪ್ರಾಥಮಿಕ ಶಿಕ್ಷಕರಿಗೂ ಕಡ್ಡಾಯ ಮಾಡಬೇಕಾ? ಇಬ್ಬರು ಶಿಕ್ಷಕರು ಇಲ್ಲಿ ಬರೆದಿದ್ದಾರೆ. ಒಬ್ಬರು ಹಾಸನ ಪಟ್ಟಣದವರು, ಇನ್ನೊಬ್ಬರು ಸಕಲೇಶಪುರ ತಾಲ್ಲೂಕಿನವರು.

ಪರ: ಗೊತ್ತಿಲ್ಲದೆ ಹತ್ತು ಸಲ ಬರೆಸಿದೆ

ಹದಿನೈದು ವರ್ಷದ ಹಿಂದೆ ನನ್ನ ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಅವನ ಅಮ್ಮ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಆಲೂಗೆಡ್ಡೆ, ಈರುಳ್ಳಿ ಮಾರುತ್ತಿದ್ದರು. ರಜೆಯಲ್ಲಿ ಅಂಗಡಿ ಇವನದೇ. ಎರಡೂಕಾಲು ಕೆಜಿಗೆ ಎಷ್ಟು, ನೂರಕ್ಕೆ ಚಿಲ್ಲರೆ ಎಷ್ಟು, ಎಲ್ಲ ಬಾಯಲ್ಲೇ ಹೇಳುತ್ತಿದ್ದ. ಉಕ್ತಲೇಖನ ಕೊಟ್ಟರೆ ಮಾತ್ರ ‘ಮರ’ ಹೋಗಿ ‘ಯರ’ ಆಗುತ್ತಿತ್ತು. ‘ಅಪ್ಪ’ನ ಒತ್ತು ಒಂದು ದಿನ ಇರುತ್ತಿತ್ತು, ಮರುದಿನ ಇಲ್ಲ.

ನಾನೇನು ಮಾಡಿದೆ? ತಪ್ಪಾದ ಪದವನ್ನು ಹತ್ತು ಸಲ ಬರೆಸಿದೆ. ಆಗಲೂ ತಪ್ಪಿದರೆ ಇಪ್ಪತ್ತು ಸಲ. ‘ಅಂಗಡೀಲಿ ಓಡೋ ತಲೆ ಇಲ್ಲಿ ಯಾಕೋ ಓಡಲ್ಲ?’ ಅಂತ ಎಲ್ಲರೆದುರು ಕೇಳಿದ್ದೂ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ನಾನು ಕೆಟ್ಟ ಟೀಚರ್ ಆಗಿರಲಿಲ್ಲ. ಆದರೆ ಡಿ.ಎಡ್. ಓದುವಾಗ ಇಂಥದ್ದೊಂದು ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಈಗಲೂ ಮಾರುಕಟ್ಟೆಗೆ ಹೋದರೆ ಆ ಸಾಲಿನ ಕಡೆ ನಾನು ಕಾಲಿಡುವುದಿಲ್ಲ.

ಡಿಸ್ಲೆಕ್ಸಿಯಾ ಎನ್ನುವ ಹೆಸರನ್ನು 1887ರಲ್ಲಿ ಇಟ್ಟವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. ಕಣ್ಣಿನ ಡಾಕ್ಟರು ಹೆಸರಿಟ್ಟಿದ್ದಕ್ಕೋ ಏನೋ, ‘ಒಂದು ಕನ್ನಡಕ ಹಾಕಿಸಿ ನೋಡಿ’ ಎನ್ನುವವರು ಇವತ್ತಿಗೂ ಇದ್ದಾರೆ. ತೊಡಕು ಕಣ್ಣಿನದಲ್ಲ, ಬುದ್ಧಿಯದೂ ಅಲ್ಲ. ಕಿವಿಗೆ ಬಿದ್ದ ಪದವನ್ನು ಸಣ್ಣ ಸಣ್ಣ ಸದ್ದುಗಳಾಗಿ ಬಿಡಿಸಿ, ಒಂದೊಂದು ಸದ್ದಿಗೂ ಅದರ ಅಕ್ಷರ ಜೋಡಿಸುವ ಕಡೆ ಮುಖ್ಯವಾದ ತೊಡಕು. ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತೆ ಅಂತ ಕೇಳಿ ನೋಡಿ. ಒಂದೆರಡು ವರ್ಷ ಶಾಲೆಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ‘ಮಲ’ ಎಂದು ಕಿಸಕ್ಕನೆ ನಗುತ್ತಾರೆ. ಕೆಲವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವರ ಕಡೆ ಒಂದು ಕಣ್ಣಿಡಬೇಕು ಅಂತ ಟೀಚರಿಗೆ ಗೊತ್ತಾಗುತ್ತೆ. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಇದು ಇಂಗ್ಲಿಷಿನ ‘ಬಿ’, ‘ಡಿ’ ತಿರುವುಮುರುವಾಗುವ ಕಾಯಿಲೆ ಅಂತಲೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಕನ್ನಡದಲ್ಲಿ ಬರೆದದ್ದನ್ನು ಹಾಗೇ ಓದುತ್ತೇವಲ್ಲ, ನಮಗೇನು ತೊಂದರೆ ಅನ್ನುತ್ತಾರೆ. ಆದರೆ ನಮ್ಮ ಮಗು ಕಲಿಯಬೇಕಾದ್ದು ಬರೀ 49 ಅಕ್ಷರ ಅಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತು, ಸಾಲದ್ದಕ್ಕೆ ಅರ್ಕಾವೊತ್ತು. ಎಲ್ಲ ಸೇರಿ ನೂರಾರು ಆಕಾರ. ಪ-ಷ, ಮ-ಯ, ನ-ಸ, ಬ-ಭ ಒಂದೇ ಥರ ಕಾಣುತ್ತವೆ. ಇನ್ನೊಂದು ವಿಷಯ: ಕನ್ನಡದಲ್ಲಿ ಇಂಥ ಮಗು ಎಷ್ಟೋ ಸಲ ತಪ್ಪು ಓದುವುದಿಲ್ಲ, ನಿಧಾನ ಓದುತ್ತದೆ. ಅಕ್ಷರ ಅಕ್ಷರ ಕೂಡಿಸಿಕೊಂಡು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ಓದಿದ್ದು ಸರಿಯಿದೆ ಅಲ್ವಾ ಅಂತ ನಾವು ಸುಮ್ಮನಾಗುತ್ತೇವೆ. ಈ ನಿಧಾನವನ್ನು ದಿನಾ ನೋಡುವವರು ತರಗತಿಯ ಶಿಕ್ಷಕರೇ. ಎಲ್ಲೋ ದೂರದ ತಜ್ಞರಿಗೆ ಅದು ಕಾಣುವುದಿಲ್ಲ.

ಕಲಿಸುವ ದಾರಿಯೂ ನಮಗೆ ಹೊಸದಲ್ಲ. ಶೃಂಗೇರಿ ಶಾರದಮ್ಮನ ಸನ್ನಿಧಿಯಲ್ಲಿ ಅಕ್ಷರಾಭ್ಯಾಸಕ್ಕೆ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ. ಬಾಯಲ್ಲಿ ಹೇಳುತ್ತಾ, ಕಣ್ಣಲ್ಲಿ ನೋಡುತ್ತಾ, ಬೆರಳಲ್ಲಿ ತೀಡುವುದು. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಕಲಿಸುವವರು ಮರಳಿನ ತಟ್ಟೆ ಇಟ್ಟುಕೊಂಡು ಮಾಡುವುದೂ ಹೆಚ್ಚುಕಡಿಮೆ ಇದೇ. ನಾವು ಅದನ್ನು ಒಂದು ದಿನ ಮಾಡಿ, ಫೋಟೋ ತೆಗೆದು, ಮಾರನೆಯ ದಿನದಿಂದ ಕಾಪಿ ಬರೆಸಲು ಕೂರಿಸುತ್ತೇವೆ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಈ ಕಲಿಕಾ ನ್ಯೂನತೆಯೂ ಒಂದು. ಆದಷ್ಟು ಬೇಗ ಗುರುತಿಸಿ ತಕ್ಕಂತೆ ಕಲಿಸಬೇಕು ಎಂದು ಅದು ಶಾಲೆಗಳಿಗೇ ಹೇಳುತ್ತದೆ. 2019ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಹತ್ತನೇ ಕ್ಲಾಸಿನವರೆಗೆ ಬರದೇ ಹೋದವರು ಆ ಲೆಕ್ಕದಲ್ಲಿರಲಿಲ್ಲ. ನನ್ನ ಆ ಹುಡುಗನಂಥವರು.

ವಿರೋಧ: ಮೂರು ದಿನ ಕಲಿತು ಬಂದು ಐದು ಮಕ್ಕಳಿಗೆ ಹಣೆಪಟ್ಟಿ ಕಟ್ಟಿದೆ

ಮೇಡಂ ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನನ್ನ ತಕರಾರು ‘ಎಲ್ಲರಿಗೂ’, ‘ಕಡ್ಡಾಯ’ ಎನ್ನುವ ಎರಡು ಪದಗಳ ಮೇಲೆ.

ನಮ್ಮದು ಕಾಫಿ ತೋಟಗಳ ನಡುವಿನ ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿ, ಇಬ್ಬರು ಮೇಷ್ಟ್ರು. ಅರವತ್ತು ಮಕ್ಕಳವರೆಗೆ ಇಬ್ಬರೇ ಸಾಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿಬಿಟ್ಟಿದೆ. ಒಬ್ಬರು ತರಬೇತಿಗೆ ಹೋದರೆ ಇನ್ನೊಬ್ಬರು ಐದೂ ತರಗತಿ ನೋಡಿಕೊಳ್ಳಬೇಕು. ಜೊತೆಗೆ ಹಾಲು, ಬಿಸಿಯೂಟ, ಮೊಟ್ಟೆಯ ಲೆಕ್ಕ. 2025ರಲ್ಲಿ ದಸರಾ ರಜೆಯೂ ಮನೆ ಮನೆ ಸಮೀಕ್ಷೆಗೆ ಹೋಯಿತು.

ನಾನೂ ಒಮ್ಮೆ ಇಂಥ ಮೂರು ದಿನದ ತರಬೇತಿ ಮುಗಿಸಿದವನೇ. ಎಲ್ಲಿ, ಯಾರು ಕೊಟ್ಟರು ಅನ್ನುವುದು ಬೇಡ. ಮೊದಲ ದಿನ ಪರಿಚಯ, ಎರಡನೇ ದಿನ ಪರದೆ ಮೇಲೆ ಚಿತ್ರ, ಮೂರನೇ ದಿನ ಗುಂಪು ಫೋಟೋ, ಪ್ರಮಾಣಪತ್ರ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ವಾಪಸ್ ಬಂದು ಉತ್ಸಾಹದಲ್ಲಿ ಐದು ಮಕ್ಕಳ ಹೆಸರು ಬರೆದುಕೊಂಡೆ. ಅದರಲ್ಲಿ ಮೂವರು ‘ಹಾಲು’ ಅನ್ನುವುದನ್ನು ‘ಆಲು’ ಅಂತ, ‘ಹಸು’ವನ್ನು ‘ಅಸು’ ಅಂತ ಬರೆಯುತ್ತಿದ್ದರು. ಸದ್ದಿಗೂ ಅಕ್ಷರಕ್ಕೂ ಹೊಂದಿಕೆಯಿಲ್ಲ ಅಂತ ನಾನು ಗುರುತು ಹಾಕಿದ್ದೆ. ಹೊಂದಿಕೆ ಸರಿಯಾಗೇ ಇತ್ತು! ಅವರ ಮನೆಯಲ್ಲಿ ಆಡುವುದೇ ಹಾಗೆ, ಕೇಳಿದ್ದನ್ನು ಮಕ್ಕಳು ತಪ್ಪಿಲ್ಲದೆ ಬರೆದಿದ್ದರು. ನಾಲ್ಕನೆಯವನು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗ. ಲೈನ್ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಎಂಟು ತಿಂಗಳಲ್ಲಿ ನಾನು ಅಸ್ಸಾಮಿಯಲ್ಲಿ ಒತ್ತಕ್ಷರ ಬರೆಯುತ್ತಿದ್ದೆನಾ?

ಅಷ್ಟರಲ್ಲಿ ನಾನು ಒಬ್ಬ ತಾಯಿಗೆ ಹೇಳಿಯೂ ಆಗಿತ್ತು. ‘ಇದು ವಾಸಿ ಆಗೋ ಕಾಯ್ಲೇನಾ ಮೇಷ್ಟ್ರೇ?’ ಅಂತ ಆಕೆ ಕೇಳಿದರು. ಕಾಯಿಲೆಯಲ್ಲ ಅಮ್ಮ ಅಂದೆ. ಮತ್ತೇನು ಅಂದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಮಗು ಆ ‘ಆಲು’ ಬರೆಯುತ್ತಿದ್ದ ಮೂವರಲ್ಲಿ ಒಬ್ಬಳು.

ಇನ್ನು ಮಗುವಿಗೆ ಈ ನ್ಯೂನತೆ ಇದೆ ಎನ್ನುವ ಪ್ರಮಾಣಪತ್ರ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯುವವರ ನೆರವು ಬೇಕಾದರೆ ಅದು ಬೇಕೇ ಬೇಕು. ಅದನ್ನು ಕೊಡುವವರು ವೈದ್ಯರು, ಮನಶ್ಶಾಸ್ತ್ರಜ್ಞರು. ಮೇಷ್ಟ್ರು ಹೇಳಿದರೆ ಸಾಲದು. ತೋಟದ ಕೂಲಿಯವರಿಗೆ ಒಂದು ಸಲದ ಓಡಾಟ ಅಂದರೆ ಒಂದು ದಿನದ ಸಂಬಳ ಖೋತಾ. ಗುರುತಿಸುವವರನ್ನು ಹಳ್ಳಿ ಹಳ್ಳಿಯಲ್ಲಿ ತಯಾರು ಮಾಡಿ, ಮುಂದಿನ ದಾರಿ ಪಟ್ಟಣದಲ್ಲೇ ಉಳಿಸಿದರೆ ಆ ತಾಯಿಗೆ ಸಿಗುವುದು ಚಿಂತೆಯೊಂದೇ.

ಹಾಗಾದರೆ ಏನೂ ಬೇಡವಾ? ಬೇಕು. ಇದನ್ನು ಡಿ.ಎಡ್. ಓದುವಾಗಲೇ ಇಡೀ ಒಂದು ವರ್ಷ ಕಲಿಸಲಿ. ಈಗಾಗಲೇ ಕೆಲಸದಲ್ಲಿರುವ ನಮಗೆ ತರಬೇತಿಯ ಪ್ರಮಾಣಪತ್ರ ಬೇಡ, ಒಬ್ಬ ಮನುಷ್ಯ ಬೇಕು. ವಿಶೇಷ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಒಬ್ಬರು ಇಡೀ ತಾಲ್ಲೂಕು ಸುತ್ತುತ್ತಾ, ಮಲೆನಾಡಿನ ಮಳೆಯಲ್ಲಿ ಬಸ್ಸಿಳಿದು ಮೂರು ಕಿಲೋಮೀಟರ್ ನಡೆದು ನಮ್ಮ ಶಾಲೆಗೆ ವರ್ಷಕ್ಕೆ ಎಷ್ಟು ಸಲ ಬಂದಾರು? ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿಗೂ ಚೆನ್ನಾಗಿ ಪಳಗಿದ ಒಬ್ಬರನ್ನು ಕೊಡಲಿ. ವಾರಕ್ಕೊಂದು ದಿನ ಬಂದು ನನ್ನ ಪಕ್ಕ ಕೂತು ಮಾಡಿ ತೋರಿಸಲಿ. ನಾನು ನೋಡಿ ಕಲಿಯುತ್ತೇನೆ.

ಐದನೆಯ ಮಗುವಿನ ಮಾತು ಬಿಟ್ಟೇಹೋಯಿತು. ಆ ಪಟ್ಟಿಯಲ್ಲಿ ಬಹುಶಃ ಅವಳೊಬ್ಬಳ ವಿಷಯದಲ್ಲಿ ಮಾತ್ರ ನನ್ನ ಅನುಮಾನ ಸರಿಯಿತ್ತು. ಹಂತ ಹಂತವಾಗಿ ಕಲಿಸುವ ನಲಿ-ಕಲಿ ಪದ್ಧತಿಯ ಏಣಿಯಲ್ಲಿ ಜೊತೆಯವರೆಲ್ಲ ಮೇಲೆ ಹೋದರೂ ಅವಳು ಕೆಳಗಿನ ಮೆಟ್ಟಿಲಲ್ಲೇ ಉಳಿದಿದ್ದಳು. ಈಗ ನಾಲ್ಕನೇ ಕ್ಲಾಸು. ಗುರುವಾರ ಊಟದ ನಂತರ, ಜೊತೆಯ ಮೇಷ್ಟ್ರು ಮೀಟಿಂಗಿಗೆ ಹೋಗದ ದಿನ, ಅಡುಗೆ ಕೋಣೆಯಿಂದ ತಟ್ಟೆ ತಂದು ಅರ್ಧ ಗಂಟೆ ಅಕ್ಕಿಯಲ್ಲಿ ಬರೆಸುತ್ತೇನೆ. ಹೋದ ತಿಂಗಳು ಅಂಥ ಗುರುವಾರ ಒಂದೇ ಒಂದು ಸಿಕ್ಕಿತು.