ಸ್ಪೈವೇರನ್ನು ಕೈಯಿಂದಲೇ ಕೀಳಬೇಕಾ?

ಕಂಪ್ಯೂಟರ್‌ನಲ್ಲಿ ಅವಿತು ಕೂತು ನಮ್ಮನ್ನು ಕದ್ದು ನೋಡುವ ತಂತ್ರಾಂಶ ಸ್ಪೈವೇರ್. ಅದನ್ನು ನಾವೇ ಹುಡುಕಿ ಕೀಳಬೇಕಾ, ತೆಗೆಯುವ ಟೂಲ್‌ಗೆ ಬಿಡಬೇಕಾ? ಇಬ್ಬರ ವಾದ ಇಲ್ಲಿದೆ.

ಪರ: ಕಳ್ಳನ ಮುಖ ನೋಡಿ ಹೊರಹಾಕಿ

2005ರ ಅಕ್ಟೋಬರ್‌ನಲ್ಲಿ ವಿಂಡೋಸ್ ತಜ್ಞ ಮಾರ್ಕ್ ರುಸ್ಸಿನೋವಿಚ್ ಅಡಗಿ ಕೂತ ಫೈಲ್‌ಗಳನ್ನು ಹುಡುಕುವ ತಮ್ಮದೇ ತಂತ್ರಾಂಶವನ್ನು ಪರೀಕ್ಷೆ ಮಾಡುತ್ತಿದ್ದರು. ಅವರ ಕಂಪ್ಯೂಟರ್‌ನಲ್ಲೇ ವಿಂಡೋಸ್‌ ಕಣ್ಣಿಗೆ ಬೀಳದ ಒಂದು ಫೋಲ್ಡರ್ ಸಿಕ್ಕಿತು. ಬೆನ್ನು ಹತ್ತಿ ಹೋದರೆ, ಅದು ಬಂದಿದ್ದು ದುಡ್ಡು ಕೊಟ್ಟು ತಂದ ಸೋನಿ ಬಿಎಂಜಿ ಹಾಡಿನ ಸಿಡಿಯಿಂದ! ನಕಲು ತಡೆಯುವ ಹೆಸರಲ್ಲಿ ಸದ್ದಿಲ್ಲದೆ ಒಳಗೆ ಬಂದು ಅವಿತುಕೊಂಡಿತ್ತು.

ಗಲಾಟೆಯಾದ ಮೇಲೆ ಕಂಪನಿಯೇ ಅದನ್ನು ತೆಗೆಯುವ ಟೂಲ್ ಕೊಟ್ಟಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ಆ ಟೂಲನ್ನು ಬಿಚ್ಚಿ ನೋಡಿದರು. ಅದನ್ನು ಬಳಸಿದವರ ಕಂಪ್ಯೂಟರ್‌ಗೆ ಯಾವ ವೆಬ್‌ಸೈಟ್ ಬೇಕಾದರೂ ತನ್ನ ಪ್ರೋಗ್ರಾಂ ಇಳಿಸಿ ಓಡಿಸಬಹುದಿತ್ತು. ಇಲಿ ಹಿಡಿಯೋಕೆ ಬಂದವನು ಹಿತ್ತಲ ಬಾಗಿಲು ತೆರೆದಿಟ್ಟು ಹೋದ ಹಾಗೆ.

ಅದೇ ಕಾಲದಲ್ಲಿ ಸ್ಪೈಶೆರಿಫ್‌ನಂಥ ನಕಲಿ ಟೂಲ್‌ಗಳೂ ಇದ್ದವು. ಇಲ್ಲದ ರೋಗ ತೋರಿಸಿ ದುಡ್ಡು ಕೇಳುವುದೇ ಅವುಗಳ ಕಸುಬು.

ಒಳ್ಳೆಯ ಟೂಲ್‌ಗೂ ಮುಖ ಪರಿಚಯ ಕಡಿಮೆಯೇ. ನಾನು ಆಗಾಗ ಕೂರುವ ಒಂದು ಡಿಟಿಪಿ ಅಂಗಡಿಯಲ್ಲಿ, ಮದುವೆ ಸೀಸನ್ನಿನ ನಡುವೆ, ಟೂಲ್ ಒಂದು ಕನ್ನಡ ಟೈಪಿಂಗ್ ತಂತ್ರಾಂಶವನ್ನೇ ಕಳ್ಳ ಅಂತ ಹಿಡಿದು ಒಳಗೆ ಹಾಕಿತು. ಅದರದ್ದೂ ಪೂರ್ತಿ ತಪ್ಪಲ್ಲ. ನಾವು ಒತ್ತಿದ ಕೀಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರ ಮಾಡುವುದು ಟೈಪಿಂಗ್ ತಂತ್ರಾಂಶದ ಕೆಲಸ. ಒತ್ತಿದ ಕೀಗಳನ್ನು ಕದ್ದು ಬರೆದಿಡುವ ಕೀಲಾಗರ್ ಮಾಡುವುದೂ ನಡುವೆ ಹಿಡಿಯುವುದನ್ನೇ. ಟೂಲ್‌ಗೆ ಇಬ್ಬರೂ ಒಂದೇ ಥರ ಕಂಡರು. ಲಗ್ನಪತ್ರಿಕೆ ಮಾತ್ರ ಅರ್ಧಕ್ಕೆ ನಿಂತಿತ್ತು.

ಕೈಯಿಂದ ತೆಗೆಯುವುದು ಅಂದರೆ ಸುಮ್ನೆ ಡಿಲೀಟ್ ಹೊಡೆಯುವುದಲ್ಲ. ರುಸ್ಸಿನೋವಿಚ್ ಅವರದ್ದೇ ಆಟೋರನ್ಸ್ ಅನ್ನುವ ತಂತ್ರಾಂಶ ತೆರೆಯಿರಿ. ಕಂಪ್ಯೂಟರ್ ಜೊತೆ ತಾನೇ ಶುರುವಾಗುವ ಎಲ್ಲವೂ ಸಾಲಾಗಿ ಕಾಣುತ್ತವೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡಿದರೆ ಪಟ್ಟಿ ಸಣ್ಣದಾಗುತ್ತದೆ. ಈಗ ಹೆಸರು ಮತ್ತು ಜಾಗ ನೋಡಿ. ಎಸ್‌ವಿಸಿಹೋಸ್ಟ್ ವಿಂಡೋಸ್‌ನದ್ದೇ ಫೈಲ್. ಎಸ್‌ಸಿವಿಹೋಸ್ಟ್ ಅಂತಿದ್ದರೆ, ಅಕ್ಷರ ಅದಲುಬದಲಾದದ್ದನ್ನು ಗಮನಿಸಿ. ಹೆಸರು ಸರಿಯಿದ್ದೂ ಸಿಸ್ಟಂ ಫೋಲ್ಡರ್ ಬಿಟ್ಟು ನಿಮ್ಮ ಆಪ್‌ಡೇಟಾ ಫೋಲ್ಡರ್‌ನಲ್ಲಿ ಕೂತಿದ್ದರೆ ಅದೂ ವೇಷಧಾರಿಯೇ. ಮೊದಲು ಆ ಸಾಲಿನ ಟಿಕ್ ಮಾತ್ರ ತೆಗೆಯಿರಿ. ತಪ್ಪಾದರೆ ವಾಪಸ್ ಹಾಕಬಹುದು.

ವಿರೋಧ: ಎಲ್ಲರೂ ರುಸ್ಸಿನೋವಿಚ್ ಅಲ್ವಲ್ಲ

ಪರ ಬರೆದವರು ಸೋನಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಉಳಿದರ್ಧ ಇಲ್ಲಿದೆ. ರುಸ್ಸಿನೋವಿಚ್ ಆ ಫೈಲ್‌ಗಳನ್ನು ಕೈಯಾರೆ ಅಳಿಸಿ ಕಂಪ್ಯೂಟರ್ ಮತ್ತೆ ಶುರು ಮಾಡಿದರು. ನೋಡಿದರೆ ಸಿಡಿ ಡ್ರೈವೇ ನಾಪತ್ತೆ! ಆ ತಂತ್ರಾಂಶ ಡ್ರೈವ್‌ಗೂ ವಿಂಡೋಸ್‌ಗೂ ನಡುವೆ ತನ್ನ ಕೊಂಡಿ ಸಿಕ್ಕಿಸಿತ್ತು. ಫೈಲ್ ಹೋಯಿತು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅದರ ಹೆಸರು ಉಳಿಯಿತು. ವಿಂಡೋಸ್‌ನ ಒಳಹೊರಗು ಬಲ್ಲವರಾದ್ದರಿಂದ ಅವರು ಅದನ್ನೂ ಹುಡುಕಿ ಸರಿಮಾಡಿದರು. ನನ್ನ ಕೈಯಲ್ಲಾಗಿದ್ದರೆ ಡ್ರೈವ್ ಕೆಟ್ಟಿದೆ ಅಂತ ಹೊಸದು ತಂದಿರುತ್ತಿದ್ದೆ.

ಒಬ್ಬ ಕಳ್ಳನನ್ನು ಹಿಡಿದರೆ ಮುಗಿಯುವುದೂ ಇಲ್ಲ. ಕೆಲವು ಸ್ಪೈವೇರ್‌ಗಳು ಜೋಡಿಯಾಗಿ ಓಡುತ್ತವೆ. ಒಂದನ್ನು ನಿಲ್ಲಿಸಿದ ಕೂಡಲೇ ಇನ್ನೊಂದು ಅದನ್ನು ಎಬ್ಬಿಸುತ್ತದೆ. ಟಿಕ್ ತೆಗೆದರೆ ಮತ್ತೆ ಹಾಕಿಕೊಳ್ಳುತ್ತವೆ. ಓಡುತ್ತಿರುವ ವಿಂಡೋಸ್ ಒಳಗೇ ಕೂತು ಇವುಗಳ ಜೊತೆ ಕಣ್ಣಾಮುಚ್ಚಾಲೆ ಆಡುವುದಕ್ಕಿಂತ, ವಿಂಡೋಸ್ ಏಳುವ ಮೊದಲೇ ಹುಡುಕುವುದು ಜಾಣತನ. ಮೈಕ್ರೋಸಾಫ್ಟ್‌ನ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡುವುದು ಇದನ್ನೇ. ಇದು ವಿಂಡೋಸ್ ಜೊತೆಗೇ ಬರುತ್ತದೆ, ಎಲ್ಲಿಂದಲೋ ಇಳಿಸಬೇಕಿಲ್ಲ. ನಕಲಿ ಟೂಲಿನ ಭಯವೂ ಅಲ್ಲಿಗೆ ಮುಗಿಯಿತು.

ಟೂಲ್ ಎಡವುತ್ತದೆ, ಒಪ್ಪಿದೆ. 2010ರ ಏಪ್ರಿಲ್ 21ರಂದು ಮೆಕಫೀ ಆಂಟಿವೈರಸ್ ತನ್ನ ಒಂದು ಅಪ್‌ಡೇಟ್‌ನಿಂದಾಗಿ, ವಿಂಡೋಸ್ ಎಕ್ಸ್‌ಪಿಯ ಅದೇ ಎಸ್‌ವಿಸಿಹೋಸ್ಟನ್ನು ವೈರಸ್ ಅಂದುಕೊಂಡು ಹಿಡಿಯಿತು. ಕಂಪ್ಯೂಟರ್‌ಗಳು ಮತ್ತೆ ಮತ್ತೆ ತಾವೇ ಆಫ್ ಆಗಿ ಶುರುವಾಗುತ್ತಿದ್ದವು. ಆದರೆ ಹಾಗೆ ಎಡವಿದ್ದು ಜಗತ್ತಿಗೆಲ್ಲ ಕಂಡಿತು, ತಿದ್ದುಪಡಿಯೂ ಬಂತು. ನಾನು ಮನೆಯಲ್ಲಿ ಕೂತು ತಪ್ಪು ಫೈಲ್ ಅಳಿಸಿದರೆ ತಿದ್ದುಪಡಿ ಕಳಿಸುವವರು ಯಾರು? ಡಿಟಿಪಿ ಅಂಗಡಿಯಲ್ಲೂ ಟೂಲ್ ಆ ಫೈಲನ್ನು ಕ್ವಾರಂಟೈನ್‌ನಲ್ಲಿ ಇಟ್ಟಿತ್ತು, ಅಷ್ಟೇ. ವಾಪಸ್ ತರಬಹುದಿತ್ತಲ್ವಾ?

ಹೋದ ವರ್ಷ ಊರಲ್ಲಿ ಅಪ್ಪನ ಲ್ಯಾಪ್‌ಟಾಪ್ ತುಂಬ ಜಾಹೀರಾತು ಕುಣಿಯತೊಡಗಿದವು. ನಾನು ಫೋನ್‌ನಲ್ಲಿ ಮೊದಲು ಆಟೋರನ್ಸ್ ದಾರಿಯನ್ನೇ ಹಿಡಿದೆ.

"ಅಪ್ಪಾ, ಆ ಪಟ್ಟಿಯಲ್ಲಿ ಎಷ್ಟು ಸಾಲು ಇದೆ?"

"ಪೇಟೆ ರೇಟಿನ ಥರ ಇದೆ ಮಗಾ, ಮುಗಿಯೋದೇ ಇಲ್ಲ. ಯಾವುದನ್ನ ಒತ್ತಲಿ?"

ಬೇಡ, ಏನೂ ಒತ್ತಬೇಡಿ ಅಂದೆ. ಆಫ್‌ಲೈನ್ ಸ್ಕ್ಯಾನ್ ಬಟನ್ ಎಲ್ಲಿದೆ ಅಂತ ಹೇಳಿದೆ. ಪರದೆ ಕಪ್ಪಾಯಿತು ಅಂತ ಒಮ್ಮೆ ಗಾಬರಿಯಿಂದ ಫೋನ್ ಮಾಡಿದರು. ಅದು ಹಾಗೇ, ಬಿಟ್ಟುಬಿಡಿ ಅಂದೆ. ಅವರು ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬರುವಷ್ಟರಲ್ಲಿ ಸ್ಕ್ಯಾನ್ ಮುಗಿದಿತ್ತು.