ಅತ್ತೆಯ ಮೂಗುತಿ, ದೊಡ್ಡಪ್ಪನ ಮೂಗು

ಆಷಾಢದ ಒಂದು ಶನಿವಾರ. ಹಾಸನದಲ್ಲಿ ಬೆಳಿಗ್ಗೆ ಹಿಡಿದ ಜಡಿಮಳೆ ಸಂಜೆಯಾದರೂ ಬಿಡಲಿಲ್ಲ. ಕರೆಂಟೂ ಇಲ್ಲ. ಮೊಬೈಲಿನ ಬ್ಯಾಟರಿಯೂ ಸತ್ತಿತ್ತು. ಸುಮ್ನೆ ಕೂತು ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಮುಖ ಗೀಚಿದೆ. ಅವಳು ಬಗ್ಗಿ ನೋಡಿ, "ಅಪ್ಪಾ, ಆಲೂಗಡ್ಡೆ ಚೆನ್ನಾಗಿದೆ" ಎಂದಳು.

ಆಲೂಗಡ್ಡೆಗೆ ಹೆಸರಾದ ಜಿಲ್ಲೆಯವನು ನಾನು. ಹೊಗಳಿಕೆ ಎಂದೇ ತಗೊಂಡೆ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಅಡುಗೆ ಬಾರದವನು ಮೊದಲು ಪಾತ್ರೆ ಅಂಗಡಿಗೆ ಹೋಗ್ತಾನಲ್ಲ, ಹಾಗೆ ನಾನು ಸೋಮವಾರವೇ ಸ್ಟೇಷನರಿ ಅಂಗಡಿಗೆ ಹೋದೆ. ಪೆನ್ಸಿಲ್ ಕೊಡಿ ಅಂದರೆ ಅಂಗಡಿಯವರು "ಯಾವುದು ಸಾರ್, ಎಚ್ಚಾ, ಬೀಯಾ?" ಎಂದರು. ನಾವು ಸೀಸದಕಡ್ಡಿ ಅಂತ ಕರೆಯೋದರಲ್ಲಿ ಸೀಸವೇ ಇಲ್ಲ ಅನ್ನೋದು ನನಗೆ ತಿಳಿದದ್ದೇ ಆಮೇಲೆ. ಇರೋದು ಗ್ರಾಫೈಟು ಮತ್ತು ಜೇಡಿಮಣ್ಣು. ಈ ಎರಡನ್ನೂ ಕಲಸಿ ಸುಡೋ ಉಪಾಯ 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬಾತನದು. ಮಣ್ಣು ಜಾಸ್ತಿಯಾದರೆ ಎಚ್, ಗಟ್ಟಿ, ತೆಳು ಗೆರೆ. ಗ್ರಾಫೈಟ್ ಜಾಸ್ತಿಯಾದರೆ ಬಿ, ಮೆದು, ಕಪ್ಪು. 2ಎಚ್‌ನಿಂದ 8ಬಿವರೆಗೆ ಇಡೀ ಡಬ್ಬಿಯೇ ಕೊಂಡೆ. ಜೊತೆಗೆ ಕಣಕದ ಹಾಗೆ ನಾದಬಹುದಾದ ಬೂದುಬಣ್ಣದ ರಬ್ಬರ್. ಅದನ್ನು ಉಜ್ಜಬಾರದಂತೆ. ಒತ್ತಿ ಎತ್ತಿದರೆ ಕಪ್ಪನ್ನೆಲ್ಲ ಹೀರಿಕೊಳ್ಳುತ್ತದಂತೆ. "ಅಂತೆ" ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಆ ವಾರವೇ ಅರಸೀಕೆರೆಯಿಂದ ಅತ್ತೆ ಬಂದರು, ಒಂದು ಚೀಲ ತೆಂಗಿನಕಾಯಿ ಸಮೇತ. ಹಾಲಿನಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸತೊಡಗಿದರು. ಕಿಟಕಿಯ ಬೆಳಕು ಒಂದು ಕೆನ್ನೆಗೆ ಮಾತ್ರ ಬೀಳುತ್ತಿತ್ತು. ಇಂಥ ಅವಕಾಶ ಬಿಡೋದುಂಟಾ?

"ಅತ್ತೆ, ಸ್ವಲ್ಪ ಅಲ್ಲಾಡಬೇಡಿ."

"ಅಲ್ಲಾಡದೆ ಅಕ್ಕಿ ಆರಿಸೋಕಾಗುತ್ತಾ ಅಳಿಯಂದಿರೇ?"

ನಿಯಮಗಳನ್ನೆಲ್ಲ ಓದಿ ತಯಾರಾಗಿದ್ದೆ. ಮೊದಲನೆಯದು, ಕಣ್ಣು ಇರೋದು ತಲೆಯ ನಟ್ಟನಡುವೆ. ಕಲಿಯೋರೆಲ್ಲ ಹಣೆಯನ್ನು ಮರೆತು ಕಣ್ಣನ್ನು ಮೇಲಕ್ಕೆ ಏರಿಸ್ತಾರಂತೆ. ನಾನು ಆ ತಪ್ಪು ಮಾಡಲಿಲ್ಲ, ಬೇರೆ ಮಾಡಿದೆ. ಗಲ್ಲದಿಂದ ಕೂದಲು ಶುರುವಾಗೋ ಜಾಗದವರೆಗೆ ಅಳೆದು ಅದರ ಅರ್ಧಕ್ಕೆ ಕಣ್ಣಿಟ್ಟೆ. ಅಳೆಯಬೇಕಾದ್ದು ನೆತ್ತಿಯವರೆಗೆ. ಇದು ನೆನಪಾಗಿ ಆಮೇಲೆ ನೆತ್ತಿ ಕೂರಿಸಿದಾಗ ಅತ್ತೆಯ ಹಣೆ ಗೊರೂರು ಅಣೆಕಟ್ಟಿನ ಹಿನ್ನೀರಿನಷ್ಟು ಹರಡಿಕೊಂಡಿತು. ಅವರೋ ಕೂದಲನ್ನು ಎಣ್ಣೆ ಹಚ್ಚಿ ಬಿಗಿಯಾಗಿ ಹಿಂದಕ್ಕೆ ಬಾಚಿ ತುರುಬು ಕಟ್ಟೋರು. ಎದುರಿನಿಂದ ತುರುಬು ಕಾಣಲ್ಲ. ಹೀಗಾಗಿ ಹಾಳೆಯ ಮೇಲೆ ಅಪ್ಪಟ ಬೊಕ್ಕತಲೆ.

ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ. ಅದು ಸರಿಯಾಗೇ ಬಂತು. ಕಿವಿ, ಹುಬ್ಬಿನಿಂದ ಮೂಗಿನ ಬುಡದವರೆಗೆ. ಅದೂ ಬಂತು, ಓಲೆ ಬರೆಯೋ ಧೈರ್ಯ ಮಾತ್ರ ಬರಲಿಲ್ಲ. ಹಾಳು ಮಾಡಿದ್ದು ಮೂಗಿನ ಕೆಳಗಿನ ನೆರಳು. ಮೂಗು ಅಂದರೆ ಗೆರೆಯಲ್ಲ, ನೆರಳು ಅಂತ ಓದಿದ್ದೆ. ಮೂಗಿಗೂ ತುಟಿಗೂ ನಡುವಿನ ಆ ಪುಟ್ಟ ಕಾಲುವೆಗೆ 2ಎಚ್‌ನಲ್ಲಿ ಹಗುರವಾಗಿ ಎರಡು ಸಲ ಎಳೆದಿದ್ದರೆ ಸಾಕಿತ್ತು. ನಾನು 6ಬಿ ಎತ್ತಿಕೊಂಡೆ. ಕಪ್ಪು ಜಾಸ್ತಿಯಾಯಿತು ಅಂತ ಬೆರಳಲ್ಲಿ ಒರೆಸಿದೆ. ಅದು ಎಡಕ್ಕೆ ಹೋಯಿತು. ಬಲಕ್ಕೂ ಸಮ ಮಾಡೋಣ ಅಂತ ಮತ್ತೆ ಒರೆಸಿದೆ. ಎರಡೂ ಕಡೆ ಸಮವಾಗಿ ಪೊದೆಮೀಸೆ ಬೆಳೆದು ನಿಂತಿತು.

ಇಂಥ ಹೊತ್ತಿಗೇ ಬೇಕಲ್ಲ, ಆ ನಾದೋ ರಬ್ಬರ್. ಹುಡುಕಿದರೆ ಇಲ್ಲ.

"ಟೀಪಾಯಿ ಮೇಲೆ ಇತ್ತಲ್ಲ, ಒಣಗಿದ ಮುದ್ದೆ ಚೂರು? ಇರುವೆ ಬರುತ್ತೆ ಅಂತ ಕಲಗಚ್ಚಿಗೆ ಹಾಕಿದೆ" ಎಂದರು ಅತ್ತೆ.

ಪಕ್ಕದ ಮನೆಯ ಹಸು ಅಷ್ಟೊತ್ತಿಗೆ ಬಂದು ಹೋಗಿತ್ತು. ಬಕೆಟ್ ಖಾಲಿ. ಎರಡು ದಿನ ಕಾಂಪೌಂಡಿನ ಮೇಲಿಂದ ಅದರ ಮುಖ ನೋಡುತ್ತಿದ್ದೆ. ಆರಾಮವಾಗೇ ಇತ್ತು.

ಚಿತ್ರ ಮುಗಿದ ಮೇಲೆ ಹೆಂಡತಿ ನೋಡಿದಳು. ನಕ್ಕಳು. ಒಳಗೆ ಹೋಗಿ ಮತ್ತೆ ನಕ್ಕಳು. "ರೀ, ಅಮ್ಮ ಎಲ್ಲಿ? ಇದು ನಿಮ್ಮ ಹೊಳೆನರಸೀಪುರದ ದೊಡ್ಡಪ್ಪ" ಎಂದಳು. ನೋಡಿದರೆ ಹೌದು! ಅದೇ ಬೊಕ್ಕತಲೆ, ಅದೇ ಮೀಸೆ. ದಿನಾ ಪೂಜೆ ಮುಗಿಸಿ ದೊಡ್ಡಪ್ಪ ಇಡುವ ಕುಂಕುಮ. ಅತ್ತೆಯ ಹೆಗಲ ಮೇಲಿನ ಸೆರಗು ಸಹ ದೊಡ್ಡಪ್ಪನ ಶಲ್ಯವಾಗಿ ಕೂತಿತ್ತು.

ಬೇಜಾರಲ್ಲಿ ಭಾನುವಾರ ಎಲ್ಲರನ್ನೂ ಬೇಲೂರಿಗೆ ಕರೆದುಕೊಂಡು ಹೋದೆ. 1117ರ ಚೆನ್ನಕೇಶವ ದೇವಸ್ಥಾನ, ಎಷ್ಟು ಸಲ ನೋಡಿದ್ದೇನೋ. ಈ ಸಲ ದರ್ಪಣ ಸುಂದರಿಯ ಮೂಗಿನ ಕೆಳಗನ್ನು ಮಾತ್ರ ನೋಡಿದೆ. ಎಷ್ಟು ಸಣ್ಣ ತಗ್ಗು! ನೆರಳನ್ನು ಬಿಸಿಲಿಗೇ ಬಿಟ್ಟಿದ್ದಾರೆ. ಎಲ್ಲಾ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗುತ್ತಾ ಗಟ್ಟಿ. ನನ್ನ ಕೈಗೂ ಒಂದನೇ ಕ್ಲಾಸಿನಲ್ಲಿ ಬಳಪ ಸಿಕ್ಕಿತ್ತು. ತಿಂದು ಮುಗಿಸಿದ್ದೆ. ಅಲ್ಲಿನ ಶಿಲ್ಪಿಗಳು, ದಾಸೋಜ, ಅವನ ಮಗ ಚಾವಣ, ತಮ್ಮ ಹೆಸರನ್ನೂ ಕೆಳಗೆ ಕೊರೆದಿದ್ದಾರೆ. ಮನೆಗೆ ಬಂದವನೇ ನಾನೂ ಚಿತ್ರದ ಕೆಳಗೆ ರುಜು ಹಾಕಿದೆ. ಇಡೀ ಹಾಳೆಯಲ್ಲಿ ತಪ್ಪಿಲ್ಲದೆ ಬಂದಿದ್ದು ಅದೊಂದೇ.

ಮರುವಾರ ದೊಡ್ಡಪ್ಪನೇ ಬಂದುಬಿಟ್ಟರು, ಯಾವುದೋ ಮದುವೆಯ ಕಾಗದ ಕೊಡೋಕೆ. ಕಾಫಿ ಕುಡಿಯುತ್ತಾ ಟೀಪಾಯಿ ಮೇಲಿನ ಹಾಳೆ ಎತ್ತಿಕೊಂಡರು. ಸುಮಾರು ಹೊತ್ತು ಮಾತಿಲ್ಲ.

"ಎಷ್ಟು ದಿನದಿಂದ ಬರೀತಿದ್ದೆಯೋ ಇದನ್ನ? ಒಂದು ಮಾತು ಹೇಳಲಿಲ್ವಲ್ಲ ಮಗ" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇನ್ನು ಯಾವ ಬಾಯಲ್ಲಿ ಹೇಳಲಿ, ಇದು ನಮ್ಮ ಅತ್ತೆ ಅಂತ? ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಥೇಟ್ ನಿಮ್ಮ ಹಾಗೇ ಇದೆ" ಎಂದು ಅವರೇ ಗಂಭೀರವಾಗಿ ಸೇರಿಸಿದರು.

ಕನ್ನಡಕ ಮತ್ತೆ ಹಾಕಿಕೊಂಡ ದೊಡ್ಡಪ್ಪ ಹಾಳೆಯನ್ನು ಹತ್ತಿರ ತಂದು, "ಮೂಗಿನ ಮೇಲೆ ಇದೇನೋ ಚುಕ್ಕಿ?" ಎಂದರು.

ಮೂಗುತಿ! 8ಬಿಯಲ್ಲಿ ಒತ್ತಿ ಒತ್ತಿ ಇಟ್ಟಿದ್ದ ಮೂಗುತಿ. ಮಗಳ ಮಾಮೂಲಿ ರಬ್ಬರ್ ತಂದು ಉಜ್ಜಿದೆ. ಮೂಗುತಿ ಹೋಗಲಿಲ್ಲ, ಅಗಲವಾಗಿ ಮೂಗಿನ ಅರ್ಧ ನುಂಗಿತು.

"ಅದು... ಕಲೆ, ದೊಡ್ಡಪ್ಪ" ಎಂದೆ.

"ಹೌದೌದು, ಕಲೆ ಅಂದರೆ ಸುಮ್ನೇನಾ!" ಎಂದರು ದೊಡ್ಡಪ್ಪ. ಈಗ ಅದು ಹೊಳೆನರಸೀಪುರದ ಮನೆಯ ಹಾಲಿನಲ್ಲಿ, ಗಾಜಿನ ಫ್ರೇಮಿನೊಳಗಿದೆ.