ಕಪ್ಪ ಕಟ್ಟಿ ಸೀಟು ಹಿಡಿದವರು

ಸಿನಿಮಾ ಟಿಕೆಟ್ಟಿಗೆ 200 ರೂಪಾಯಿ ಮಿತಿ ಎಂದು ಸರ್ಕಾರ ಆದೇಶ ಹೊರಡಿಸಿದ್ದು 2025ರ ಸೆಪ್ಟೆಂಬರ್ 12ಕ್ಕೆ. ಹೈಕೋರ್ಟು ತಡೆ ಕೊಟ್ಟಿದ್ದು 23ಕ್ಕೆ. ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಮೇಲೆ ರಾಣಿ ಚೆನ್ನಮ್ಮನ ಕಿತ್ತೂರು ಕೂಡ ಒಂದು ತಿಂಗಳಿಗೂ ಮೇಲೆ ತಡೆದುಕೊಂಡು ನಿಂತಿತ್ತು. ನಮ್ಮ ಇನ್ನೂರು ರೂಪಾಯಿಗೆ ಹನ್ನೊಂದೇ ದಿನದ ಆಯಸ್ಸು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ನೀರಿಗೆ 100, ಕಾಫಿಗೆ 700 ರೂಪಾಯಿಯಾ ಎಂದು ಬೆರಗಾದರು. ಬೆರಗಾದದ್ದಷ್ಟೇ ಬಂತು, ಕಾಫಿ ಇಳಿಯಲಿಲ್ಲ.

ಹೋಗಲಿ ಬಿಡಿ. ನಾವು ಸ್ವಾತಂತ್ರ್ಯಪ್ರಿಯರು. ಅದರಲ್ಲೂ ಸ್ವಾತಂತ್ರ್ಯದ ಯುದ್ಧ ತೆರೆಯ ಮೇಲೆ ನಡೆಯುವಾಗ ರೇಟು ನೋಡುವ ಜನವೇ ಅಲ್ಲ. ಕಪ್ಪ ಕೊಡುವುದಿಲ್ಲ ಎಂದು ರಾಣಿ ಗುಡುಗುವುದನ್ನು ಕೇಳಬೇಕಾದರೆ ಮೊದಲು ಟಿಕೆಟ್ಟಿನ ದುಡ್ಡು, ಅದರ ಮೇಲೆ ಶೇ. 18 ಜಿಎಸ್‌ಟಿ, ಮನೆಯಲ್ಲೇ ಕೂತು ಬುಕ್ ಮಾಡಿದ ತಪ್ಪಿಗೆ ಕನ್ವೀನಿಯೆನ್ಸ್ ಫೀ, ಆ ಫೀಗೂ ಜಿಎಸ್‌ಟಿ, ಕೆಳಗಡೆ ಪಾರ್ಕಿಂಗು. ಎಲ್ಲ ಕಟ್ಟುತ್ತೇವೆ. ಕಟ್ಟಿದ್ದಕ್ಕೆ ಓಟಿಪಿಯನ್ನೂ ಕೊಡುತ್ತೇವೆ.

ಬಾಗಿಲಲ್ಲಿ ಸೆಕ್ಯುರಿಟಿಯವನು ಅಜ್ಜಿಯೊಬ್ಬರ ಬಟ್ಟೆ ಚೀಲಕ್ಕೆ ಕೈ ಹಾಕಿ ಕೋಡುಬಳೆ ಡಬ್ಬಿ ಎಳೆಯುತ್ತಾನೆ. "ಇದು ಒಳಗೆ ಬಿಡಲ್ಲ, ಅಮ್ಮ." ಅಜ್ಜಿ ಏನೋ ಹೇಳಹೊರಟರೆ ಪಕ್ಕದಲ್ಲೇ ನಿಂತ ಮೊಮ್ಮಗ, ಎದೆಯ ಮೇಲೆ ಬಾಯಿ ತೆರೆದ ಸಿಂಹದ ಟೀ ಶರ್ಟು ತೊಟ್ಟವನು, ಅಜ್ಜಿಯನ್ನೇ ಗದರುತ್ತಾನೆ: "ಕೊಟ್ಬಿಡಜ್ಜಿ, ರೂಲ್ಸು." ಹತ್ತು ನಿಮಿಷದ ಮೇಲೆ ಇದೇ ಹುಡುಗ ಪರದೆಯ ಮುಂದೆ ಎದ್ದು ನಿಂತು ಶಿಳ್ಳೆ ಹೊಡೆಯುತ್ತಾನೆ. ಅಲ್ಲಿ ಯಾರೋ ಪರಂಗಿಯವನ ಕೈ ಕತ್ತರಿಸಿರುತ್ತಾರೆ.

ಆ ಪರಂಗಿಯವನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಸಿನಿಮಾದ ಬ್ರಿಟಿಷ್ ಅಧಿಕಾರಿಗೆ ಜನ್ಮದಲ್ಲಿ 'ತ' ಹೊರಡುವುದಿಲ್ಲ. "ಟುಮಗೆ ಟೆರಿಗೆ ಕಟ್ಟಲು ಆಗುವುಡಿಲ್ಲವೇ?" ಎನ್ನುತ್ತ ಬಿಸಿಲಲ್ಲಿ ಕುದುರೆ ಮೇಲೆ ಕೂತು ಬೆವರುತ್ತಾನೆ. ಕೈಯಲ್ಲಿ ಚಾವಟಿ, ತಲೆಯಲ್ಲಿ ವಿಗ್ಗು. ನಿಜದ ಕಂಪನಿ ಅಧಿಕಾರಿಗಳು ಮುನ್ಷಿಗಳನ್ನು ಇಟ್ಟುಕೊಂಡು ನಮ್ಮ ಭಾಷೆ ಕಲಿತರು. ಪ್ರೀತಿಯಿಂದಲ್ಲ, ಕಂದಾಯದ ಲೆಕ್ಕ ಓದಬೇಕಿತ್ತಲ್ಲ! ಬಳ್ಳಾರಿ ಸೀಮೆಯಲ್ಲಿ ಥಾಮಸ್ ಮನ್ರೋ ಹೆಚ್ಚು ಬಳಸಿದ್ದು ಚಾವಟಿಯನ್ನಲ್ಲ, ಖಾತೆ ಪುಸ್ತಕವನ್ನು. ಆದರೆ ಖಾತೆ ಪುಸ್ತಕವನ್ನು ಸ್ಲೋ ಮೋಷನ್ನಿನಲ್ಲಿ ಎಷ್ಟು ಹೊತ್ತು ಅಂತ ತೋರಿಸೋದು? ಧೂಳೂ ಏಳುವುದಿಲ್ಲ.

ಹಾಗೆ ನೋಡಿದರೆ ಕಿತ್ತೂರಿನ ಜಗಳದ ಬೇರೂ ಕಾಗದದಲ್ಲೇ ಇತ್ತು. ದತ್ತು ಮಗನನ್ನು ಒಪ್ಪುವುದಿಲ್ಲ ಎಂದು ಧಾರವಾಡದ ಕಲೆಕ್ಟರು ತಕರಾರು ತೆಗೆದ. ಅಂದರೆ ಇವತ್ತಿನ ವಂಶವೃಕ್ಷದ ಸರ್ಟಿಫಿಕೇಟಿನ ರಗಳೆಯೇ. 1824ರ ಅಕ್ಟೋಬರ್ 23ರಂದು ಆ ಕಲೆಕ್ಟರ್ ಥ್ಯಾಕರೆ ಉರುಳುವವರೆಗೆ ಸಿನಿಮಾಕ್ಕೆ ಉಸಿರಿರುತ್ತದೆ. ಡಿಸೆಂಬರಿನಲ್ಲಿ ಕೋಟೆ ಬಿದ್ದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರವರೆಗೆ ಕಳೆದ ವರ್ಷಗಳಿಗೆ ಫೈಟ್ ಮಾಸ್ಟರ್ ಬೇಕಿಲ್ಲ, ಹಾಗಾಗಿ ದುಡ್ಡು ಹಾಕುವವರೂ ಇಲ್ಲ.

ಸಂಗೊಳ್ಳಿ ರಾಯಣ್ಣನ ಕತೆ ಇನ್ನೂ ಚೆನ್ನಾಗಿದೆ. ಅವನ ಹೊಲದಲ್ಲಿ ಒಂದು ಪಾಲು ಮುಟ್ಟುಗೋಲಾಯಿತು, ಉಳಿದದ್ದರ ಮೇಲೆ ತೆರಿಗೆ ಏರಿತು. ಅವನು ಹೋಗಿ ಸರ್ಕಾರಿ ಕಚೇರಿ ಸುಟ್ಟ, ಜಮೀನಿನ ಕಡತ ಸುಟ್ಟ. ಇಂದಿನ ರೈತನಿಗೆ ಆ ಶ್ರಮವಿಲ್ಲ. ಅವನು ಅರ್ಜಿ ಕೊಟ್ಟರೆ ಸಾಕು, ಕಡತ ತಾನೇ ಕಾಣೆಯಾಗುತ್ತದೆ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪು ಬಿದ್ದದ್ದನ್ನು ಸರಿಪಡಿಸಲು ನಾಡಕಚೇರಿಗೆ ಅಲೆಯುವವನನ್ನು ಕೇಳಿ, "ಸರ್ವರ್ ಡೌನ್" ಎಂಬ ಒಂದೇ ಡೈಲಾಗಿನಲ್ಲಿ ಎಂಥ ಸೈನ್ಯವನ್ನೂ ಹಿಮ್ಮೆಟ್ಟಿಸಬಹುದು.

ಇದೆಲ್ಲ ತೆರೆಯ ಮೇಲೆ ಬಂದರೂ ಬರಬಹುದು, ಸೆನ್ಸಾರ್ ಆದ ಮೇಲೆ. ಈ ನೆಲದಲ್ಲಿ ಸಿನಿಮಾಕ್ಕೆ ಪ್ರಮಾಣಪತ್ರದ ಕಾಯ್ದೆ ತಂದವರು ಯಾರು? ಬ್ರಿಟಿಷರೇ, 1918ರಲ್ಲಿ. ಅವರನ್ನು ಓಡಿಸಿದ ಕತೆಗೆ ಅವರು ಕಲಿಸಿಕೊಟ್ಟ ಸೀಲು ಬಿದ್ದರೇ ಬಿಡುಗಡೆ.

ಸ್ವಾತಂತ್ರ್ಯಕ್ಕೆ ನಾವು ಜಾಗ ಕೊಟ್ಟಿಲ್ಲ ಅಂತ ಯಾರೂ ಹೇಳಬಾರದು. ಬೆಂಗಳೂರಿನಲ್ಲಿ ಅದಕ್ಕೆಂದೇ ಫ್ರೀಡಂ ಪಾರ್ಕ್ ಇದೆ. ಮೊದಲು ಅದು ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದು ಅಲ್ಲೇ. 2021ರ ಆದೇಶ ಬಂದ ಮೇಲೆ ಊರಿನಲ್ಲಿ ಧರಣಿ ಕೂರಬೇಕೆಂದರೆ ಆ ಜೈಲಿನ ಆವರಣವೇ ಗತಿ, ಅದಕ್ಕೂ ಪೊಲೀಸರ ಪರವಾನಗಿ ಬೇಕು. ಯಾವ ವಿಡಂಬನಕಾರನಿಗೂ ಹೊಳೆಯದ್ದು ನಮ್ಮ ಸರ್ಕಾರಕ್ಕೆ ಹೊಳೆದಿದೆ, ಕೈ ಮುಗಿಯುತ್ತೇನೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರೂ ಆ ಪಾರ್ಕಿಗೆ ಬಂದು ಕೂತಿದ್ದರು. 13 ಹಳ್ಳಿ, 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ ಬೇಕು ಎಂದಿತ್ತು ಸರ್ಕಾರ. ಕೊಡುವುದಿಲ್ಲ ಎಂದರು, ಮೂರು ವರ್ಷಕ್ಕೂ ಮಿಕ್ಕಿ ಅಂದದ್ದನ್ನೇ ಅಂದರು. ರಾಣಿ ಹೇಳಿದ್ದೂ ಇದೇ, ರಾಯಣ್ಣ ಹೇಳಿದ್ದೂ ಇದೇ. ಇವರಿಗೆ ಕುದುರೆ ಇರಲಿಲ್ಲ, ಡ್ರೋನ್ ಶಾಟ್ ಇರಲಿಲ್ಲ, ಏಯ್ಟ್ ಪ್ಯಾಕ್ ಹೊಟ್ಟೆ ಇರಲಿಲ್ಲ. ಮಂಡಿ ನೋವಿನ ಹೆಂಗಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಸಿರು ಶಾಲು ಹೊದ್ದು ಕೂತಿದ್ದರು, ಅಷ್ಟೇ. ತೆರೆಯ ಮೇಲೆ ಮಣ್ಣು ಹಿಡಿದು ಹಣೆಗೆ ಒತ್ತಿಕೊಂಡರೆ ಗಂಟಲುಬ್ಬಿ ಅಳುತ್ತೀವಲ್ಲ, ಮನೆಯಿಂದ ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಅದೇ ಮಣ್ಣಿಗೆ ಕೂತವರನ್ನು ಒಂದು ದಿನ ಹೋಗಿ ನೋಡಿ ಬಂದವರು ನಮ್ಮಲ್ಲಿ ಎಷ್ಟು ಜನ? ಸಾಕಾಗಿ ಹೋಗಿದೆ ಈ ಮೂರು ಗಂಟೆಯ ದೇಶಭಕ್ತಿ.

ಕೊನೆಗೆ 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ಗೆದ್ದರು. ಅದಕ್ಕೂ ಮೂರು ವಾರ ಮೊದಲು, ಜೂನ್ 25ರಂದು, ದೇವನಹಳ್ಳಿಯಲ್ಲಿ ಅವರನ್ನು ಪೊಲೀಸರು ಎತ್ತಿ ಬಸ್ಸಿಗೆ ತುಂಬಿದ್ದರು. ಆ ವಿಡಿಯೋ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೂ ಬಂತು. ಹಿನ್ನೆಲೆ ಸಂಗೀತ ಇರಲಿಲ್ಲ, ಬರೀ ಕೂಗಾಟ. ಬಹಳ ಹೊತ್ತು ಯಾರೂ ಏನೂ ಹಾಕಲಿಲ್ಲ. ಆಮೇಲೆ ಡಿಪಿಯಲ್ಲಿ ಕತ್ತಿ ಹಿರಿದ ರಾಯಣ್ಣನನ್ನು ಇಟ್ಟುಕೊಂಡ ಯಜಮಾನರೊಬ್ಬರು ಕೇಳಿದರು: "ಏರ್‌ಪೋರ್ಟ್ ರೋಡ್ ಕ್ಲಿಯರ್ ಇದೆಯಾ?"